ಇಸ್ಫಹಾನಿನ ಮನೆಗಳು, ಮನೆಯ ಕಾಗದಗಳು: ಸಫಾವಿದ್ ಕಾಲದ ಇರಾನಿನ ಕುಟುಂಬಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಇರಾನ್ ಅಂದ ತಕ್ಷಣ ನೀಲಿ ಗುಮ್ಮಟ, ರತ್ನಗಂಬಳಿ, ಕುದುರೆ ಮೇಲಿನ ಶಾಹ್ ನೆನಪಾಗುತ್ತಾರೆ. ಆ ಗುಮ್ಮಟಗಳ ಹಿಂದಿನ ಗಲ್ಲಿಗಳಲ್ಲೂ ಜನ ಇದ್ದರು. ಮಗ ದೂರದ ಊರಿಗೆ ಹೋದ, ಕಾಗದ ಬರಲಿಲ್ಲ ಅಂತ ಕಾಯುವ ಮನೆಗಳಿದ್ದವು. ಗೆಳತಿಗಾಗಿ ಹಂಬಲಿಸುವ ಹೆಂಗಸರಿದ್ದರು. ಆ ಮನೆಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಮನೆಗಳ ಮಾತು ನಮಗೆ ಕೇಳಿಸುತ್ತಿರುವುದು ಅರಮನೆಯ ಕೃಪೆಯಿಂದ ಅಲ್ಲ. ಬಂದ ಕಾಗದವನ್ನು ಎಸೆಯದೆ, ಕೂತು ನಕಲು ಮಾಡಿಟ್ಟ ಮನೆಯವರಿಂದ.

ಯಾವ ಕಾಲದ ಬಗ್ಗೆ ಮಾತಾಡುತ್ತಿದ್ದೀರಿ?

ಮುಖ್ಯವಾಗಿ ಸಫಾವಿದ್ ರಾಜವಂಶ ಇರಾನನ್ನು ಆಳಿದ ಕಾಲ. 1501ರಲ್ಲಿ ಶಾಹ್ ಇಸ್ಮಾಯಿಲ್ ತಬ್ರೀಜ್‌ನಲ್ಲಿ ಪಟ್ಟಕ್ಕೇರಿದ. ರಾಜಧಾನಿ ಆಮೇಲೆ ಕಜ್ವೀನ್‌ಗೆ ಹೋಯಿತು. 1598ರ ಹೊತ್ತಿಗೆ ಶಾಹ್ ಅಬ್ಬಾಸ್ ಅದನ್ನು ಇಸ್ಫಹಾನ್‌ಗೆ ತಂದ. 1722ರಲ್ಲಿ ಅಫ್ಘನ್ ಸೇನೆಯ ಮುತ್ತಿಗೆಗೆ ಇಸ್ಫಹಾನ್ ಬಿತ್ತು. ಅಗತ್ಯ ಬಿದ್ದಾಗ ಕಾಜಾರ್ ದೊರೆಗಳ ಕಾಲಕ್ಕೂ, ಅಂದರೆ 19ನೇ ಶತಮಾನಕ್ಕೂ ಹೋಗುತ್ತೇವೆ. ರಾಜವಂಶ ಬದಲಾದಷ್ಟು ಬೇಗ ಮನೆಯ ರೂಢಿ ಬದಲಾಗುವುದಿಲ್ಲ.

ಅಷ್ಟು ಹಳೆಯ ಮನೆಪತ್ರಗಳು ಉಳಿದದ್ದು ಹೇಗೆ?

ಮೂಲ ಕಾಗದಗಳು ಉಳಿದಿರುವುದು ಬಹಳ ಕಡಿಮೆ. 1722ರ ಮುತ್ತಿಗೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನಡೆಯಿತು. ಊರಿಗೆ ಊರೇ ಹಸಿವಿನಿಂದ ಸಾಯುತ್ತಿತ್ತು. ಅಂಥ ಹೊತ್ತಿನಲ್ಲಿ ಹಳೆ ಕಾಗದ ಯಾರಿಗೆ ಬೇಕು? ಸರ್ಕಾರಿ ದಫ್ತರಗಳೂ ಹಾಳಾದವು.

ಉಳಿದದ್ದು ಇನ್ನೊಂದು ದಾರಿಯಿಂದ. ಓದು ಬಲ್ಲ ಮನೆಗಳಲ್ಲಿ 'ಮಜ್ಮುಆ' ಅನ್ನುವ ಪುಸ್ತಕ ಇರುತ್ತಿತ್ತು. ಮನೆಯವರಿಗೆ ಇಷ್ಟವಾದ, ಬೇಕಾದ, ಮರೆಯಬಾರದ ಬರಹಗಳನ್ನೆಲ್ಲ ಅದರಲ್ಲಿ ಕೈಯಾರೆ ಬರೆದಿಡುತ್ತಿದ್ದರು. ಗೆಳೆಯನ ಕಾಗದ ಚೆನ್ನಾಗಿದ್ದರೆ ಅದರ ನಕಲು ಅಲ್ಲಿಗೆ. ತಾವೇ ಬರೆದ ಕಾಗದ ಮನಸ್ಸಿಗೆ ಹಿಡಿಸಿದರೆ ಅದೂ ಅಲ್ಲಿಗೆ. 17ನೇ ಶತಮಾನದ ಇಸ್ಫಹಾನಿನಲ್ಲಿ ಈ ರೂಢಿ ತುಂಬಾ ಜೋರಾಗಿತ್ತು. ಕಾಗದ ಹರಿದುಹೋಯಿತು, ಬರೆದವರು ಹೋದರು, ನಕಲು ಉಳಿಯಿತು.

ಮಜ್ಮುಆದಲ್ಲಿ ಬರೀ ಕಾಗದಗಳೇ ಇರುತ್ತಿದ್ದವಾ?

ಇಲ್ಲ, ಎಲ್ಲಾ ಇರುತ್ತಿತ್ತು. ಒಂದು ಪುಟದಲ್ಲಿ ಹಾಫಿಜ್‌ನ ಗಜಲ್, ಅದರ ಪಕ್ಕದಲ್ಲೇ ಜ್ವರಕ್ಕೆ ಔಷಧಿ. ಮುಂದಿನ ಹಾಳೆಯಲ್ಲಿ ಮದುವೆ ಕರಾರಿನ ಮಾದರಿ, ಒಂದು ಪ್ರಾರ್ಥನೆ, ಸಾಲದ ಲೆಕ್ಕ. ಅಂಚಿನಲ್ಲಿ ಯಾರದೋ ಹುಟ್ಟಿದ ದಿನ, ಯಾರದೋ ಸತ್ತ ದಿನ. ಹುಟ್ಟುಸಾವುಗಳನ್ನು ಹೀಗೆ ಪುಸ್ತಕದ ಖಾಲಿ ಜಾಗದಲ್ಲಿ ಬರೆಯುವುದು ಸಾಮಾನ್ಯವಾಗಿತ್ತು.

ಗ್ರಂಥಾಲಯದ ಪಟ್ಟಿ ಮಾಡುವವರಿಗೆ ಇಂಥ ಪುಸ್ತಕ ತಲೆನೋವು. ಯಾವ ವಿಷಯದ ಕೆಳಗೆ ಇಡಬೇಕು? ಅದಕ್ಕೇ ಬಹಳ ದಿನ ಇವನ್ನು 'ಬಿಡಿಬರಹ' ಅಂತ ಪಕ್ಕಕ್ಕೆ ಸರಿಸಿದ್ದರು. ನನ್ನ ಪ್ರಕಾರ ಅದು ದೊಡ್ಡ ನಷ್ಟ. ಒಂದು ಮನೆ ಏನನ್ನು ಓದಿತು, ಯಾವುದಕ್ಕೆ ಹೆದರಿತು, ಯಾರನ್ನು ಪ್ರೀತಿಸಿತು ಅನ್ನುವುದು ಆ ಕಲಸುಮೇಲೋಗರದಲ್ಲೇ ಇದೆ. ಬೇರೆ ಬೇರೆ ಮಾಡಿ ಇಟ್ಟರೆ ಆ ಮನೆಯೇ ಕಾಣೆಯಾಗುತ್ತದೆ.

ಒಂದು ಸಣ್ಣ ಸಂಗತಿ. ಹಸ್ತಪ್ರತಿಗಳ ಮೊದಲ ಹಾಳೆಯಲ್ಲಿ ಕೆಲವೊಮ್ಮೆ 'ಯಾ ಕಬೀಕಜ್' ಅಂತ ಬರೆದಿರುತ್ತದೆ. ಹುಳು ಪುಸ್ತಕ ತಿನ್ನದಿರಲಿ ಅಂತ, ಹುಳುಗಳ ಒಡೆಯ ಎಂದು ನಂಬಿದ್ದ ಕಬೀಕಜ್‌ಗೆ ಮಾಡಿದ ಮೊರೆ ಅದು.

ಆ ಕಾಲದ ಕಾಗದ ನೋಡಲು ಹೇಗಿರುತ್ತಿತ್ತು?

ಒಂದನ್ನು ಕೈಯಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಉದ್ದನೆ ಹಾಳೆ. ನೆತ್ತಿಯಲ್ಲಿ 'ಹುವ' ಅಂತ ಒಂದೇ ಪದ. 'ಅವನು' ಅಂತ ಅರ್ಥ, ಅಂದರೆ ದೇವರು. ಅದರ ಕೆಳಗೆ ಸಾಕಷ್ಟು ಖಾಲಿ ಜಾಗ. ಬಲಗಡೆ ಅಗಲವಾದ ಅಂಚು ಬಿಟ್ಟು ಬರಹ ಶುರುವಾಗುತ್ತದೆ. ಸಾಲುಗಳು ಎಡಕ್ಕೆ ಹೋಗುತ್ತಾ ಮೆಲ್ಲಗೆ ಮೇಲಕ್ಕೆ ಬಾಗುತ್ತವೆ. ಹಾಳೆ ತುಂಬಿದ ಮೇಲೂ ಮಾತು ಮುಗಿದಿರುವುದಿಲ್ಲ. ಆಗ ಬಿಟ್ಟಿದ್ದ ಅಂಚಿನಲ್ಲಿ ಓರೆಯಾಗಿ ಬರೆಯುತ್ತಾರೆ. ಅದೂ ತುಂಬಿದರೆ ಹಾಳೆ ತಿರುಗಿಸಿ ತಲೆಕೆಳಗಾಗಿ. ಓದುವವರು ಕಾಗದವನ್ನು ಕೈಯಲ್ಲಿ ಸುತ್ತಿಸುತ್ತಾ ಓದಬೇಕು.

ಬರೆಯುವುದಕ್ಕೆ ಮೇಜು ಇಲ್ಲ. ನೆಲದ ಮೇಲೆ ಕೂತು, ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದರು. ಕೈಯಲ್ಲಿ ಜೊಂಡಿನ ಕಲಮು. ದೌತಿಯೊಳಗೆ ರೇಷ್ಮೆ ಎಳೆಯ ಉಂಡೆ ಇಡುತ್ತಿದ್ದರು. ಶಾಯಿ ಚೆಲ್ಲುವುದಿಲ್ಲ, ಕಲಮಿಗೆ ಜಾಸ್ತಿ ಹತ್ತುವುದೂ ಇಲ್ಲ. ಕಲಮು, ಚಾಕು, ದೌತಿ ಎಲ್ಲ ಸೇರಿ ಒಂದು ಉದ್ದನೆ ಪೆಟ್ಟಿಗೆಯಲ್ಲಿ. ಅದರ ಹೆಸರು ಕಲಮ್‌ದಾನ್. ಹೂವು, ಹಕ್ಕಿಗಳ ಚಿತ್ರ ಬರೆದು ಮೆರುಗೆಣ್ಣೆ ಹಚ್ಚಿದ ಕಲಮ್‌ದಾನ್‌ಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿವೆ.

17ನೇ ಶತಮಾನದಲ್ಲಿ 'ಶಿಕಸ್ತೆ' ಅನ್ನುವ ಲಿಪಿಶೈಲಿ ಹಬ್ಬಿತು. ಅಕ್ಷರಗಳನ್ನು ಮುರಿದು, ಒಂದಕ್ಕೊಂದು ಹೆಣೆದು ಬೇಗ ಬೇಗ ಬರೆಯುವ ಕೈಬರಹ ಅದು. ದಫ್ತರದ ಕೆಲಸಕ್ಕೂ ಮನೆಯ ಕಾಗದಕ್ಕೂ ಹೇಳಿ ಮಾಡಿಸಿದ ಹಾಗಿತ್ತು. ಹೆರಾತಿನ ಶಫೀಆ ಇದರಲ್ಲಿ ದೊಡ್ಡ ಹೆಸರು. ನೋಡಲು ಬಹಳ ಚೆಂದ. ಓದಲು ಕಷ್ಟ, ಪಳಗಿದವರೂ ತಿಣುಕುತ್ತಾರೆ.

ಬರೆದಾದ ಮೇಲೆ ಹಾಳೆಯನ್ನು ಸಣ್ಣ ಪಟ್ಟಿಯಾಗಿ ಮಡಿಸಿ, ಅಂಟು ಹಾಕಿ, ಮೊಹರು ಒತ್ತುತ್ತಿದ್ದರು. ಮೊಹರಿನಲ್ಲಿ ಹೆಸರು, ಹಿಜರಿ ವರ್ಷ, ಕೆಲವೊಮ್ಮೆ 'ಅಲಿಯ ದಾಸ' ಎಂಬಂಥ ಭಕ್ತಿಯ ಮಾತು. ಅದನ್ನು ಎಲ್ಲಿ ಒತ್ತುತ್ತೀರಿ ಅನ್ನುವುದಕ್ಕೂ ಲೆಕ್ಕವಿತ್ತು. ದೊಡ್ಡವರಿಗೆ ಬರೆಯುವಾಗ ಹಿಂಬದಿಯಲ್ಲಿ ಒತ್ತುವುದು ವಿನಯ. ಹೆಂಗಸರಿಗೂ ಸ್ವಂತ ಮೊಹರುಗಳಿದ್ದವು.

ಇಷ್ಟುದ್ದ ಬಿರುದು, ಹೊಗಳಿಕೆ ಯಾಕೆ? ವಿಷಯಕ್ಕೆ ಬರುವುದೇ ಇಲ್ಲವಲ್ಲ?

ಬರುತ್ತಾರೆ, ಸ್ವಲ್ಪ ಕಾಯಬೇಕು. ನಮ್ಮ ಅಜ್ಜಂದಿರ ಕಾಗದ 'ಉಭಯ ಕುಶಲೋಪರಿ ಸಾಂಪ್ರತ' ಅಂತ ಶುರುವಾಗುತ್ತಿತ್ತಲ್ವಾ, ಹಾಗೇ ಇದೂ. ಮೊದಲು ಪಡೆಯುವವರ ಸ್ಥಾನಕ್ಕೆ ತಕ್ಕ ಬಿರುದುಗಳು. ಆಮೇಲೆ ಶುಭ ಹಾರೈಕೆ. ಆಮೇಲೆ 'ನಿಮ್ಮನ್ನು ನೋಡುವ ಆಸೆ ಬರೆದು ತೀರದು' ಅನ್ನುವ ಮಾತು. ಆಮೇಲೆ ವಿಷಯ. ಕೊನೆಗೆ ಮತ್ತೆ ಹಾರೈಕೆ.

ಈ ಕ್ರಮವನ್ನು 'ಇನ್ಶಾ' ಅನ್ನುತ್ತಿದ್ದರು. ಅದೊಂದು ವಿದ್ಯೆ. ಮಾದರಿ ಕಾಗದಗಳ ಸಂಗ್ರಹಗಳು ಇದ್ದವು. ಮಗು ಹುಟ್ಟಿದ್ದಕ್ಕೆ, ಸಾವಿಗೆ, ಹಬ್ಬಕ್ಕೆ, ಹಣ್ಣು ಕಳಿಸಿದ್ದಕ್ಕೆ ಹೀಗೆ ಒಂದೊಂದಕ್ಕೂ ಒಂದೊಂದು ಮಾದರಿ. ನನಗೆ ತುಂಬಾ ಹಿಡಿಸುವುದು 'ಗಿಲೆ'ಯ ಕಾಗದಗಳು. ಅಂದರೆ ದೂರು. 'ಇಷ್ಟು ದಿನವಾಯಿತು, ಎರಡು ಸಾಲು ಬರೆಯಲು ಆಗಲಿಲ್ಲವೇ?' ಎಂಬ ಕೊರಗು. ಮಾದರಿ ಸಿದ್ಧವಿತ್ತು ಅಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಮದುವೆ ಹಾಡು ಎಲ್ಲರಿಗೂ ಒಂದೇ, ಆದರೂ ಮಗಳನ್ನು ಕಳಿಸುವಾಗ ಅಳು ನಿಜವಾದದ್ದೇ.

ಹೆಂಗಸರು ಕಾಗದ ಬರೆಯುತ್ತಿದ್ದರಾ?

ಬರೆಯುತ್ತಿದ್ದರು. ಅತಿ ಹೆಚ್ಚು ಬರುವ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿರೋಧ ಇತ್ತು, ಅದು ನಿಜ. 11ನೇ ಶತಮಾನದ 'ಕಾಬೂಸ್‌ನಾಮಾ'ದಲ್ಲಿ ಅರಸನೊಬ್ಬ ಮಗನಿಗೆ ಬುದ್ಧಿ ಹೇಳುತ್ತಾನೆ: ಮಗಳಿಗೆ ಧರ್ಮದ ಕರ್ತವ್ಯಗಳನ್ನು ಕಲಿಸು, ಬರವಣಿಗೆ ಕಲಿಸಬೇಡ. ಈ ಭಯ ಮುಂದಿನ ಶತಮಾನಗಳಲ್ಲೂ ಹೋಗಲಿಲ್ಲ. ಓದಿದರೆ ಕುರಾನ್ ಓದುತ್ತಾಳೆ, ಬರೆಯಲು ಕಲಿತರೆ ಪ್ರೇಮಪತ್ರ ಬರೆದಾಳು ಅನ್ನುವ ಲೆಕ್ಕ.

ಆದರೂ ಕಲಿತವರು ಕಲಿತರು. ಸಫಾವಿದ್ ದೊರೆ ಶಾಹ್ ತಹ್ಮಾಸ್ಪನ ತಂಗಿ ಮಹೀನ್ ಬಾನು ಅಕ್ಷರಕಲೆಯಲ್ಲಿ ಪಳಗಿದವಳು. ಹೆರಾತಿನ ದೋಸ್ತ್ ಮುಹಮ್ಮದ್ ಅವಳ ಗುರು. ಒಟ್ಟೋಮನ್ ಸುಲ್ತಾನ ಸುಲೈಮಾನನ ಹೆಂಡತಿ ಹುರ್ರಮ್ ಜೊತೆ ಅವಳ ಪತ್ರವ್ಯವಹಾರವಿತ್ತು. ಎರಡೂ ರಾಜ್ಯಗಳ ನಡುವೆ ದಶಕಗಳ ಯುದ್ಧ. ಆದರೂ ಎರಡು ಅಂತಃಪುರಗಳು ಮಾತಾಡಿಕೊಂಡವು.

ಕಾಜಾರ್ ಕಾಲಕ್ಕೆ ಬಂದರೆ ಫತ್ ಅಲಿ ಶಾಹ್‌ನ ಮಗಳು ಜಿಯಾ ಉಸ್ಸಲ್ತನೆ ಸಿಗುತ್ತಾಳೆ. 1799ರಲ್ಲಿ ಹುಟ್ಟಿದವಳು. ಅಪ್ಪನ ಖಾಸಗಿ ಕಾಗದಗಳನ್ನು ಬರೆಯುವ ಕೆಲಸ ಅವಳದು. ಅವಳ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ ಕುರಾನ್ ಪ್ರತಿಗಳನ್ನೂ ಬರೆದಿದ್ದಾಳೆ. ಅಪ್ಪ ಬದುಕಿರುವವರೆಗೂ ಅವಳು ಮದುವೆಯಾಗಲಿಲ್ಲ. ಅವನು 1834ರಲ್ಲಿ ತೀರಿಕೊಂಡ ಮೇಲೆ ವಿದೇಶಾಂಗ ಮಂತ್ರಿಯಾಗಿದ್ದ ಮಿರ್ಜಾ ಮಸೂದ್‌ನನ್ನು ಮದುವೆಯಾದಳು.

ಇವರೆಲ್ಲ ಅರಮನೆಯವರು, ಸಾಮಾನ್ಯ ಮನೆಯ ಕತೆ ಏನು ಅಂತ ನೀವು ಕೇಳಬಹುದು. ಮುಲ್ಲಾ, ವ್ಯಾಪಾರಿ, ದಫ್ತರದ ನೌಕರರ ಮನೆಗಳಲ್ಲೂ ಓದು ಬಲ್ಲ ಹೆಂಗಸರಿದ್ದರು. ಹುಡುಗಿಯರಿಗೆ ಮನೆಯಲ್ಲೇ ಪಾಠ ಹೇಳುವ ಹೆಂಗಸನ್ನು 'ಮುಲ್ಲಾಬಾಜಿ' ಅನ್ನುತ್ತಿದ್ದರು. ಅಂಥ ಮನೆಯ ಒಬ್ಬ ವಿಧವೆಯ ಬಗ್ಗೆ ಮುಂದೆ ಹೇಳುತ್ತೇನೆ.

ಓದು ಬರಹ ಬಾರದವರು ಏನು ಮಾಡುತ್ತಿದ್ದರು?

ಬರೆಯುವವರ ಹತ್ತಿರ ಹೋಗುತ್ತಿದ್ದರು. ಬಜಾರಿನಲ್ಲಿ, ದರ್ಗಾಗಳ ಬಳಿ ಕಲಮ್‌ದಾನ್ ಇಟ್ಟುಕೊಂಡು ಕೂತ ಮಿರ್ಜಾಗಳು ದುಡ್ಡಿಗೆ ಕಾಗದ ಬರೆದುಕೊಡುತ್ತಿದ್ದರು. ಹೆಸರಿಗೆ ಮೊದಲು 'ಮಿರ್ಜಾ' ಬಂದರೆ ಬರಹ ಬಲ್ಲವನು, ಹೆಸರಾದ ಮೇಲೆ ಬಂದರೆ ರಾಜಕುಮಾರ. ಅಬ್ಬಾಸ್ ಮಿರ್ಜಾ ಅಂದರೆ ರಾಜಕುಮಾರ ಅಬ್ಬಾಸ್.

ಹಾಗಾದರೆ ಕಾಗದ ಖಾಸಗಿ ಆಗಿರಲಿಲ್ಲವೇ?

ನಾವು ಅಂದುಕೊಳ್ಳುವ ಅರ್ಥದಲ್ಲಿ ಇರಲಿಲ್ಲ. ಬರೆದವನು ಒಬ್ಬ, ಹೇಳಿ ಬರೆಸಿದವರು ಇನ್ನೊಬ್ಬರು, ಓದಿ ಹೇಳಿದವನು ಮತ್ತೊಬ್ಬ. ಮನೆಗೆ ಕಾಗದ ಬಂದರೆ ಎಲ್ಲರೂ ಸುತ್ತ ಕೂತು ಕೇಳುತ್ತಿದ್ದರು. ಒಂದು ಕಾಗದದಲ್ಲಿ ಹತ್ತಾರು ಜನರಿಗೆ ಸಲಾಮು ಇರುತ್ತಿತ್ತು. ತಾಯಿಗೆ, ಅತ್ತೆಗೆ, ಅಣ್ಣನಿಗೆ, ಕಣ್ಣಿನ ಬೆಳಕಾದ ಮಗುವಿಗೆ. ಹೆಂಡತಿಯ ಹೆಸರನ್ನು ಮಾತ್ರ ನೇರವಾಗಿ ಬರೆಯುತ್ತಿರಲಿಲ್ಲ. 'ಮಕ್ಕಳ ತಾಯಿ' ಅಥವಾ ಸುಮ್ನೆ 'ಮನೆ'. ಕಾಗದ ಎಲ್ಲರ ಕಿವಿಗೂ ಬೀಳುತ್ತದೆ ಅಂತ ಬರೆಯುವವರಿಗೆ ಗೊತ್ತಿತ್ತು.

ಗುಟ್ಟಿನ ಮಾತಿದ್ದರೆ? 'ಉಳಿದದ್ದನ್ನು ಕಾಗದ ತಂದವರು ಬಾಯಲ್ಲಿ ಹೇಳುತ್ತಾರೆ' ಅಂತ ಬರೆದು ಮುಗಿಸುತ್ತಿದ್ದರು. ಎಷ್ಟೋ ಕಾಗದಗಳಲ್ಲಿ ನಿಜವಾದ ವಿಷಯ ಇರುವುದೇ ಇಲ್ಲ. ಓದುವಾಗ ಇದು ಹೊಟ್ಟೆ ಉರಿಸುತ್ತದೆ!

ಕಾಗದ ತಲುಪುತ್ತಿದ್ದದ್ದು ಹೇಗೆ? ಅಂಚೆ ಇತ್ತಾ?

ಸರ್ಕಾರಕ್ಕೆ ಇತ್ತು. 'ಚಾಪಾರ್' ಅನ್ನುವ ಕುದುರೆ ದೂತರು ರಾಜಾಜ್ಞೆ ಒಯ್ಯುತ್ತಿದ್ದರು. ಅವರ ಕುದುರೆ ದಣಿದರೆ ದಾರಿಹೋಕರ ಕುದುರೆಯನ್ನೇ ಕಿತ್ತುಕೊಳ್ಳುವ ಅಧಿಕಾರವೂ ಅವರಿಗಿತ್ತು. ಜನ ಅವರನ್ನು ಕಂಡರೆ ದಾರಿ ಬಿಟ್ಟು ಓಡುತ್ತಿದ್ದರು.

ಜನಸಾಮಾನ್ಯರ ಕಾಗದ ಹೋಗುತ್ತಿದ್ದದ್ದು ಜನರ ಕೈಯಲ್ಲೇ. ಒಂಟೆಗಳ ಕಾರವಾನ್, ಮಶ್ಹದ್ ಅಥವಾ ಕರ್ಬಲಾಕ್ಕೆ ಹೊರಟ ಯಾತ್ರಿಕ, ವ್ಯಾಪಾರಿ, ಕೂಲಿಗೆ ಓಡುವ 'ಕಾಸಿದ್'. ಯಾರು ಆ ಕಡೆ ಹೊರಟರೋ ಅವರ ಕೈಗೆ. ಕಾರವಾನ್‌ಸರಾಯ್‌ಗಳು, ಅಂದರೆ ದಾರಿಯ ಛತ್ರಗಳು, ಹೀಗೆ ಸುದ್ದಿ ಕೈ ಬದಲಾಗುವ ಜಾಗಗಳಾಗಿದ್ದವು.

ತಲುಪುವ ಭರವಸೆ ಕಡಿಮೆ. ಆದ್ದರಿಂದ ಕಾಗದದ ಹೊರಗೆ 8642 ಅಂತ ಅಂಕಿಗಳನ್ನು ಬರೆಯುವ ರೂಢಿ ಇತ್ತು. ಅರಬಿ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇದೆ. ಈ ನಾಲ್ಕು ಅಂಕಿಗಳನ್ನು ಅಕ್ಷರ ಮಾಡಿದರೆ 'ಬದೂಹ್' ಅನ್ನುವ ಮಂತ್ರಪದ ಬರುತ್ತದೆ. ಕಾಗದ ಕ್ಷೇಮವಾಗಿ ಸೇರಲಿ ಅಂತ.

ಮನೆ ಹೇಗಿತ್ತು? ಅಂದರೂನಿ, ಬೀರೂನಿ ಅಂದರೇನು?

ಅನುಕೂಲಸ್ಥರ ಮನೆಯಲ್ಲಿ ಎರಡು ಭಾಗ. ಬೀರೂನಿ ಹೊರಭಾಗ: ಗಂಡಸರ ಅತಿಥಿಗಳು, ವ್ಯವಹಾರ. ಅಂದರೂನಿ ಒಳಭಾಗ: ಮನೆಯವರು, ಅಡುಗೆ, ಮಕ್ಕಳು. ನಡುವೆ ಅಂಗಳ, ಅಂಗಳದಲ್ಲಿ ನೀರಿನ ಹೌಜು. ಬೀದಿಗೆ ಬರೀ ಮಣ್ಣಿನ ಗೋಡೆ. ಒಳಗೆ ಎಷ್ಟು ಸೊಗಸಿದೆ ಅನ್ನುವುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಿದ್ದರು. ಚಳಿಗಾಲದಲ್ಲಿ 'ಕುರ್ಸಿ': ತಗ್ಗಾದ ಮೇಜಿನ ಕೆಳಗೆ ಕೆಂಡ, ಮೇಲೆ ದೊಡ್ಡ ರಜಾಯಿ, ಸುತ್ತಲೂ ಇಡೀ ಮನೆ ಕಾಲು ಚಾಚಿ ಕೂರುವುದು.

ಅಂದರೂನಿ ಅಂದರೆ ಸೆರೆಮನೆ ಅಂತ ಭಾವಿಸುವುದು ತಪ್ಪು. ಅಲ್ಲಿ ಆಸ್ತಿ ನೋಡಿಕೊಳ್ಳುವ ಹಿರಿಯ ಹೆಂಗಸರಿದ್ದರು. ಮದುವೆಗಳು ನಿಶ್ಚಯವಾಗುತ್ತಿದ್ದದ್ದು ಅಲ್ಲೇ. ಹಾಗಂತ ಅದನ್ನು ಸ್ವರ್ಗ ಮಾಡುವುದೂ ಬೇಡ. ದೊಡ್ಡ ಮನೆಗಳಲ್ಲಿ ಜಾರ್ಜಿಯಾ, ಸರ್ಕೇಶಿಯಾ, ಆಫ್ರಿಕಾದಿಂದ ತಂದ ಗುಲಾಮರಿದ್ದರು. ಮಕ್ಕಳನ್ನು ಸಾಕಿದವರು, ಕಾಗದವನ್ನು ಅಂದರೂನಿಯಿಂದ ಬೀರೂನಿಗೆ ಒಯ್ದವರು ಅವರೇ. ಅವರ ಕೈಯಲ್ಲಿ ಬರೆದ ಸಾಲುಗಳು ಮಾತ್ರ ನಮಗೆ ಸಿಗುವುದು ಅಪರೂಪ.

ಹೆಂಗಸರಿಗೆ ಮನೆಯ ಹೊರಗೆ ಒಡನಾಟ ಇರಲಿಲ್ಲವೇ?

ಬೇಕಾದಷ್ಟಿತ್ತು. ಮೊದಲನೆಯದು ಹಮ್ಮಾಮ್, ಅಂದರೆ ಊರ ಸ್ನಾನಗೃಹ. ಊಟ ಕಟ್ಟಿಕೊಂಡು ಹೋಗಿ, ಮೆಹಂದಿ ಹಚ್ಚಿಕೊಂಡು ದಿನವಿಡೀ ಕಳೆಯುತ್ತಿದ್ದರು. ಹುಡುಗಿ ನೋಡುವ ಶಾಸ್ತ್ರವೂ ಎಷ್ಟೋ ಸಲ ಅಲ್ಲೇ ಮುಗಿದಿರುತ್ತಿತ್ತು. ಕೆರ್ಮಾನ್‌ನಲ್ಲಿ ಗಂಜ್ ಅಲಿ ಖಾನ್ 1611ರಲ್ಲಿ ಕಟ್ಟಿಸಿದ ಹಮ್ಮಾಮ್ ಈಗ ಮ್ಯೂಸಿಯಂ ಆಗಿದೆ. ಇನ್ನು ಗೋರಿ ದರ್ಶನ, ಇಮಾಮ್‌ಜಾದೆಗಳ (ಇಮಾಮರ ವಂಶಸ್ಥರ ಸಮಾಧಿಗಳ) ಯಾತ್ರೆ, ತೋಟದ ಸುತ್ತಾಟ. ಶಾಹ್ ಅಬ್ಬಾಸನ ಕಾಲದಲ್ಲಿ ಇಸ್ಫಹಾನಿನ ಚಹಾರ್‌ಬಾಗ್ ರಸ್ತೆಯಲ್ಲಿ ಬುಧವಾರ ಹೆಂಗಸರ ವಿಹಾರಕ್ಕೆ ಮೀಸಲಾಗಿತ್ತು.

ಗಂಡಸರಿಗೆ ಕಾಫಿ ಅಂಗಡಿಗಳು. ಇಸ್ಫಹಾನಿನ ನಕ್ಷೆ ಜಹಾನ್ ಚೌಕದ ಸುತ್ತ ಕಾಫಿ, ಹುಕ್ಕಾ, ರಾಜರ ಕತೆಯ ಮಹಾಕಾವ್ಯ ಶಾಹ್‌ನಾಮೆಯ ವಾಚನ, ಕವಿಗಳ ಜಗಳ.

'ಅಕ್ಕತಂಗಿ ಆಣೆ' ಅಂತ ಒಂದು ಪದ್ಧತಿ ಇತ್ತಂತೆ, ನಿಜವೇ?

ಇತ್ತು. 'ಖಾಹರ್ ಖಾಂದಗಿ', ಅಂದರೆ ಒಬ್ಬಳನ್ನು ಅಕ್ಕತಂಗಿ ಅಂತ ಕರೆದು ಒಪ್ಪಿಕೊಳ್ಳುವುದು. ಇದರ ವಿವರ ಸಿಗುವುದು ಸಫಾವಿದ್ ಕಾಲದ ಕೊನೆಯ ಬರಹವೊಂದರಲ್ಲಿ. ಬರೆದವನು ಇಸ್ಫಹಾನಿನ ಪಂಡಿತ ಆಕಾ ಜಮಾಲ್ ಖ್ವಾನ್ಸಾರಿ ಅನ್ನುತ್ತಾರೆ. ಹೆಂಗಸರ ನಂಬಿಕೆಗಳನ್ನು ಗೇಲಿ ಮಾಡಲೆಂದೇ ಬರೆದದ್ದು. ಗೇಲಿಯನ್ನು ಪಕ್ಕಕ್ಕಿಟ್ಟು ಓದಿದರೆ ಒಳಗಿನ ರೂಢಿ ಕಾಣುತ್ತದೆ.

ಅದು ನಡೆಯುತ್ತಿದ್ದದ್ದು ಹೀಗೆ. ಒಬ್ಬ ಹೆಂಗಸಿಗೆ ಇನ್ನೊಬ್ಬಳ ಸ್ನೇಹ ಬೇಕೆನಿಸಿತು. ನೇರವಾಗಿ ಕೇಳುವುದಿಲ್ಲ. ನಂಬಿಕೆಯ ಮುದುಕಿಯೊಬ್ಬಳ ಕೈಯಲ್ಲಿ ತಟ್ಟೆ ಕಳಿಸುತ್ತಾಳೆ. ತಟ್ಟೆಯಲ್ಲಿ ಸಿಹಿ, ನಡುವೆ ಮೇಣದ ಗೊಂಬೆ. ಆಚೆಯವಳಿಗೆ ಒಪ್ಪಿಗೆಯಾದರೆ ಗೊಂಬೆಯ ಕೊರಳಿಗೆ ಹಾರ ಹಾಕಿ ವಾಪಸ್ ಕಳಿಸುತ್ತಾಳೆ. ಒಪ್ಪಿಗೆಯಿಲ್ಲದಿದ್ದರೆ ಗೊಂಬೆಯ ತಲೆಗೆ ಕಪ್ಪು ಬಟ್ಟೆ. ಒಂದು ಮಾತೂ ಇಲ್ಲ, ಒಂದು ಸಾಲೂ ಇಲ್ಲ, ಉತ್ತರ ಸ್ಪಷ್ಟ. ಒಪ್ಪಿದವರು ಈದ್ ಗದೀರ್ ದಿನ, ಅಂದರೆ ಜಿಲ್‌ಹಜ್ ತಿಂಗಳ 18ಕ್ಕೆ ಆಣೆ ಮಾಡಿ ಅಕ್ಕತಂಗಿಯರಾಗುತ್ತಿದ್ದರು. ಪ್ರವಾದಿಗಳು ಅಲಿಯನ್ನು ತಮ್ಮ ಉತ್ತರಾಧಿಕಾರಿ ಎಂದು ಸಾರಿದ ದಿನ ಅಂತ ಶಿಯಾಗಳು ಆಚರಿಸುವ ಹಬ್ಬ ಅದು. ಗಂಡಸರ ನಡುವೆಯೂ ಇಂಥದೇ ಅಣ್ಣತಮ್ಮಂದಿರ ಆಣೆ ಇತ್ತು.

ಈ ಗೊಂಬೆಯನ್ನೂ ನಾನು ಕಾಗದದ ಲೆಕ್ಕಕ್ಕೇ ಸೇರಿಸುತ್ತೇನೆ. ಓದಲು ಬಾರದವಳೂ ಕಳಿಸಬಹುದಾದ ಕಾಗದ.

ಆ ವಿಧವೆ ಯಾರು?

ಹೆಸರು ಉಳಿದಿಲ್ಲ. ಸಫಾವಿದ್ ದಫ್ತರದಲ್ಲಿ 'ರಕಮ್‌ನವೀಸ್' ಆಗಿದ್ದ, ಅಂದರೆ ರಾಜಾಜ್ಞೆಗಳನ್ನು ಬರೆಯುತ್ತಿದ್ದ ಮಿರ್ಜಾ ಖಲೀಲ್‌ನ ಹೆಂಡತಿ ಅಂತಷ್ಟೇ ಗೊತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನೆಮ್ಮದಿ ಸಿಗಲಿಲ್ಲ, ನಿದ್ದೆ ಹತ್ತಲಿಲ್ಲ. ಹಜ್‌ಗೆ ಹೊರಟಳು. ಇಸ್ಫಹಾನಿನಿಂದ ಉತ್ತರಕ್ಕೆ ಹೋಗಿ, ಅರಾಸ್ ನದಿ ದಂಡೆಯ ಉರ್ದೂಬಾದ್ ದಾಟಿ, ಅಲೆಪ್ಪೊ ಮಾರ್ಗವಾಗಿ ಮೆಕ್ಕಾಗೆ. ಈ ಪ್ರಯಾಣವನ್ನು ಸುಮಾರು 1,200 ದ್ವಿಪದಿಗಳಲ್ಲಿ ಬರೆದಿದ್ದಾಳೆ.

ನಕ್ಷೆ ನೋಡಿದರೆ ಇದು ಸುತ್ತುದಾರಿ. ಉರ್ದೂಬಾದ್ ಅವಳ ನೆಂಟರ ಊರು. ಹಳೆಯ ಗೆಳತಿಯೊಬ್ಬಳು ಅಲ್ಲಿದ್ದಳು. ಊರವರ ಚಾಡಿಮಾತಿನಿಂದ ಇಬ್ಬರೂ ದೂರವಾಗಿದ್ದರು. ವರ್ಷಗಳ ಮೇಲೆ ಮತ್ತೆ ಸೇರಿದ ಆ ದಿನಗಳನ್ನು ಅವಳು ಎಷ್ಟು ತುಂಬಿದ ಮನಸ್ಸಿನಿಂದ ಬರೆಯುತ್ತಾಳೆಂದರೆ, ಗಂಡನ ಶೋಕದ ಪಕ್ಕದಲ್ಲೇ ಈ ಅಗಲಿಕೆಯ ಶೋಕವೂ ನಿಲ್ಲುತ್ತದೆ. ಸಫಾವಿದ್ ಕಾಲದ ಹೆಂಗಸೊಬ್ಬಳು ತನ್ನ ಬದುಕಿನ ಬಗ್ಗೆ ತಾನೇ ಇಷ್ಟು ಉದ್ದಕ್ಕೆ ಹೇಳಿದ್ದು ಬೇರೆಲ್ಲೂ ಸಿಗುವುದು ಕಷ್ಟ. ಹೆಸರಿಲ್ಲದಿದ್ದರೂ ದನಿ ಇದೆ.

ಮದುವೆಯ ವಿಚಾರ?

ಹಿರಿಯರು ನಿಶ್ಚಯಿಸುತ್ತಿದ್ದರು. ಗಂಡ 'ಮಹರ್' ಕೊಡಲು ಒಪ್ಪಿ ಕರಾರು ಬರೆಯಬೇಕು. ಅದು ಹೆಂಡತಿಯ ಸ್ವತ್ತು. ಕರಾರಿನ ಹಾಳೆಗೆ ಹೂಬಳ್ಳಿಯ ಚಿತ್ರ, ಚಿನ್ನದ ಲೇಪ ಮಾಡಿಸುವುದು ಕಾಜಾರ್ ಕಾಲದಲ್ಲಿ ಬಹಳ ಹಬ್ಬಿತ್ತು. ಶಿಯಾ ಪದ್ಧತಿಯಲ್ಲಿ 'ಸಿಗೆ' ಅನ್ನುವ ಅವಧಿ ನಿಗದಿಯಾದ ಮದುವೆಯೂ ಇತ್ತು, ಈಗಲೂ ಇದೆ.

ಊಟ, ಹಬ್ಬದ ಬಗ್ಗೆ ಏನಾದರೂ ಉಳಿದಿದೆಯೇ?

ಎರಡು ಅಡುಗೆ ಪುಸ್ತಕಗಳು ಉಳಿದಿವೆ. ಒಂದು 1521ರದು, ಇನ್ನೊಂದು 1594ರದು. ಎರಡನೆಯದನ್ನು ಬರೆದ ನೂರುಲ್ಲಾ ಶಾಹ್ ಅಬ್ಬಾಸನ ಅಡುಗೆಯವನು. ಪುಲಾವು, ಆಶ್ (ಗಟ್ಟಿ ಸಾರು) ಮುಂತಾದವುಗಳ ದೊಡ್ಡ ಪಟ್ಟಿಯೇ ಅವುಗಳಲ್ಲಿದೆ. ಹಬ್ಬ ಅಂದರೆ ಮೊದಲು ನೌರೂಜ್, ವಸಂತದ ಹೊಸ ವರ್ಷ. ಆಗ ಮನೆಮನೆಗೆ ಭೇಟಿ, ಬಂದವರ ಮನೆಗೆ ಮರುಭೇಟಿ. ಕಿರಿಯರು ಹಿರಿಯರ ಮನೆಗೆ ಮೊದಲು ಹೋಗಬೇಕು. ಮೊಹರಂ ತಿಂಗಳಲ್ಲಿ ಹುಸೇನರ ಶೋಕಕಥೆ ಕೇಳಲು ಸೇರುತ್ತಿದ್ದರು.

ಮುಸ್ಲಿಮರಲ್ಲದ ಕುಟುಂಬಗಳ ಕಾಗದಗಳು ಇವೆಯೇ?

ಇವೆ, ಅದೂ ರಾಶಿಗಟ್ಟಲೆ. ಶಾಹ್ ಅಬ್ಬಾಸ್ 1604-05ರಲ್ಲಿ ಅರಾಸ್ ದಂಡೆಯ ಜುಲ್ಫಾ ಊರಿನ ಅರ್ಮೇನಿಯನ್ನರನ್ನು ಬಲವಂತವಾಗಿ ಎಬ್ಬಿಸಿ ತಂದ. ಇಸ್ಫಹಾನಿನ ಪಕ್ಕ ಅವರಿಗೆ ನ್ಯೂ ಜುಲ್ಫಾ ಕಟ್ಟಿಸಿಕೊಟ್ಟ. ಅವರ ಮನೆಗಳೇ ವ್ಯಾಪಾರದ ಕಂಪನಿಗಳು. ಹಿರಿಯ ಮನೆಯಲ್ಲಿ, ಕಿರಿಯರು ಸೂರತ್, ಮದ್ರಾಸ್, ಮನಿಲಾ, ಆಮ್‌ಸ್ಟರ್‌ಡಾಂನಲ್ಲಿ. ಹೆಂಡತಿ ಮಕ್ಕಳು ಜುಲ್ಫಾದಲ್ಲೇ. ಎಷ್ಟೋ ವರ್ಷ ಮನೆಯ ಮುಖ ನೋಡದವರು. ಅವರ ಪಾಲಿಗೆ ಕಾಗದವೇ ಕುಟುಂಬ. ಒಂದೇ ಕಾಗದದ ಪ್ರತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸುತ್ತಿದ್ದರು, ಒಂದಾದರೂ ಸೇರಲಿ ಅಂತ.

1748ರಲ್ಲಿ 'ಸಾಂತಾ ಕತರೀನಾ' ಅನ್ನುವ ಹಡಗು ಬಂಗಾಳದಿಂದ ಬಸ್ರಾಕ್ಕೆ ಹೊರಟಿತ್ತು. ಸರಕು ಅರ್ಮೇನಿಯನ್ನರದು. ಬ್ರಿಟಿಷ್ ನೌಕಾಪಡೆ ಅದನ್ನು ಹಿಡಿಯಿತು. ಮೊಕದ್ದಮೆ ಲಂಡನ್‌ವರೆಗೆ ಹೋಯಿತು. ಹಡಗಿನಲ್ಲಿದ್ದ ಸಾವಿರಕ್ಕೂ ಮೀರಿದ ಕಾಗದಗಳು ಸಾಕ್ಷಿಯಾಗಿ ಅಲ್ಲೇ ಉಳಿದವು. ಬಟ್ಟೆಯ ಧಾರಣೆ ಬರೆದ ಕೈಯೇ ಮನೆಯವರ ಕ್ಷೇಮವನ್ನೂ ಕೇಳುತ್ತದೆ. ನಮಗೆ ಇವು ಖಜಾನೆ. ನ್ಯೂ ಜುಲ್ಫಾದಲ್ಲಿ ಕಾದು ಕೂತಿದ್ದ ತಾಯಂದಿರಿಗೆ ಇವು ಎಂದೂ ಬರದ ಕಾಗದಗಳು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

ಗಟ್ಟಿಯಾದ ಎರಡು ನಂಟುಗಳಿವೆ.

ಮೊದಲನೆಯದು ಬೀದರ್. ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನ್ ಕ್ಯಾಸ್ಪಿಯನ್ ದಂಡೆಯ ಗೀಲಾನ್‌ನವನು, ಸಫಾವಿದ್ ಕಾಲಕ್ಕಿಂತ ಸ್ವಲ್ಪ ಮುಂಚಿನವನು. 1411ರಲ್ಲಿ ಹುಟ್ಟಿ, ನಲವತ್ತು ದಾಟಿದ ಮೇಲೆ ದಖ್ಖನಿಗೆ ಬಂದ. ಅವನ ಪತ್ರಸಂಗ್ರಹ 'ರಿಯಾಜ್ ಉಲ್ ಇನ್ಶಾ' ಪಾರ್ಸಿ ಭಾಷೆಯ ಜಗತ್ತಿನಲ್ಲೇ ಹೆಸರಾದದ್ದು. ಒಟ್ಟೋಮನ್ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ ಬರೆದ ಕಾಗದಗಳ ಜೊತೆಗೇ ಮನೆಯವರಿಗೆ ಬರೆದವೂ ಇವೆ. ಮಗ ಅಬ್ದುಲ್ಲಾನನ್ನು ಗೀಲಾನ್‌ಗೆ ಕಳಿಸಿದ್ದ. ಅವನು ಅಲ್ಲಿ ದಾರಿ ತಪ್ಪಿದ. ಬೀದರಿನ ವಜೀರ ಕೂತು ಮಗನಿಗೆ ಬೈದು ಬರೆಯುತ್ತಾನೆ. ರಾಜ್ಯ ಆಳುವವನ ಕೈಗೂ ದೂರದ ಮಗ ಸಿಗುವುದಿಲ್ಲ.

ಅವನ ಸಾವಿಗೂ ಕಾಗದವೇ ಕಾರಣ. ವೈರಿಗಳು ಅವನ ಮೊಹರು ಕಾಯುವ ಗುಲಾಮನಿಗೆ ಕುಡಿಸಿ, ಖಾಲಿ ಹಾಳೆಗೆ ಮೊಹರು ಒತ್ತಿಸಿಕೊಂಡರು. ಅದರಲ್ಲಿ ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆದಂತೆ ಬರೆದರು. ಸುಲ್ತಾನ ನಂಬಿದ. 1481ರ ಏಪ್ರಿಲ್‌ನಲ್ಲಿ ಗವಾನ್‌ನ ತಲೆ ಉರುಳಿತು. ಈ ಪ್ರಸಂಗವನ್ನು ವಿವರವಾಗಿ ಬರೆದ ಫಿರಿಶ್ತಾ ಕೂಡ ಇರಾನಿನ ಅಸ್ತರಾಬಾದ್‌ನವನು. ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಇತಿಹಾಸ ಬರೆದ.

ಎರಡನೆಯದು ಇಕ್ಕೇರಿ. ರೋಮ್‌ನ ಪಿಯೆತ್ರೊ ದೆಲ್ಲಾ ವಾಲೆ 1617ರಲ್ಲಿ ಇಸ್ಫಹಾನಿಗೆ ಬಂದ. ಜೊತೆಗೆ ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ. ಇರಾನಿನ ಜೀವನದ ಬಗ್ಗೆ ನೇಪಲ್ಸ್‌ನ ಗೆಳೆಯನಿಗೆ ಉದ್ದುದ್ದ ಕಾಗದ ಬರೆದ. 1621ರ ಕೊನೆಯಲ್ಲಿ ಹೋರ್ಮುಜ್ ಹತ್ತಿರ ಮಾನಿ ತೀರಿಕೊಂಡಳು. ಅವಳ ದೇಹಕ್ಕೆ ಲೇಪ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಭಾರತಕ್ಕೆ ತಂದ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದ. ಉಳ್ಳಾಲದ ರಾಣಿಯನ್ನೂ ಕಂಡ. ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದು ಕಲಿಯುವುದನ್ನು ನೋಡಿ ಬರೆದ. ಇಸ್ಫಹಾನಿನ ಮನೆಗಳ ಬಗ್ಗೆ ಬರೆದ ಕೈ, ಇಕ್ಕೇರಿಯ ಬಗ್ಗೆ ಬರೆದ ಕೈ ಒಂದೇ. ಕಾಗದ ಪಡೆದ ಗೆಳೆಯನೂ ಒಬ್ಬನೇ. ಮಾನಿಯನ್ನು ಕೊನೆಗೆ 1627ರಲ್ಲಿ ರೋಮ್‌ನಲ್ಲಿ ಮಣ್ಣು ಮಾಡಿದ.

ಇಂಥ ಪರದೇಶದ ಪ್ರವಾಸಿಗರನ್ನು ನಂಬಬಹುದೇ?

ಬೀದಿ, ಬಜಾರು, ದರಬಾರಿನ ಬಗ್ಗೆ ಬಹುಮಟ್ಟಿಗೆ ನಂಬಬಹುದು. ಫ್ರಾನ್ಸಿನ ವಜ್ರ ವ್ಯಾಪಾರಿ ಶಾರ್ದಾಂ 1666ರಿಂದ 1677ರ ನಡುವೆ ಎರಡು ಸಲ ಬಂದು ವರ್ಷಗಟ್ಟಲೆ ಇದ್ದ, ಪಾರ್ಸಿ ಕಲಿತ. ಆದರೆ ಅಂದರೂನಿಯ ಬಾಗಿಲು ಅವನಿಗೆ ತೆರೆಯಲಿಲ್ಲ. ಒಳಗಿನ ಬಗ್ಗೆ ಅವನು ಬರೆದದ್ದು ಕೇಳಿದ್ದು. ವಿಧವೆಯ ಕಾವ್ಯ ಪಕ್ಕದಲ್ಲಿಟ್ಟುಕೊಂಡು ಓದಿದರೆ ವ್ಯತ್ಯಾಸ ತಿಳಿಯುತ್ತದೆ.

ಈ ರೂಢಿ ಯಾವಾಗ ಬದಲಾಯಿತು?

19ನೇ ಶತಮಾನದ ಎರಡನೇ ಅರ್ಧದಲ್ಲಿ. 1858ರಲ್ಲಿ ತೆಹ್ರಾನಿನಲ್ಲಿ ಮೊದಲ ತಂತಿ. 1870ರ ದಶಕದಲ್ಲಿ ಆಸ್ಟ್ರಿಯಾದ ಅಧಿಕಾರಿಯೊಬ್ಬ ಹೊಸ ಅಂಚೆ ವ್ಯವಸ್ಥೆ ಕಟ್ಟಿದ. 1877ರಲ್ಲಿ ಇರಾನ್ ಜಾಗತಿಕ ಅಂಚೆ ಒಕ್ಕೂಟ ಸೇರಿತು. ಲಕೋಟೆ, ಅಂಚೆಚೀಟಿ ಬಂದವು. ಬಾಯಲ್ಲಿ ಹೇಳಿ ಕಳಿಸುವ ಮಾತು ಕಡಿಮೆಯಾಯಿತು. ಅಂಚೆಯವನು ಬಾಯಿ ಸುದ್ದಿ ಒಯ್ಯುವುದಿಲ್ಲವಲ್ಲ.

ಇವುಗಳನ್ನು ಇವತ್ತು ಎಲ್ಲಿ ನೋಡಬಹುದು?

ಮಜ್ಮುಆಗಳು ತೆಹ್ರಾನಿನ ದೊಡ್ಡ ಗ್ರಂಥಾಲಯಗಳಲ್ಲಿ, ಮುಖ್ಯವಾಗಿ ಸಂಸತ್ತಿನ ಮತ್ತು ತೆಹ್ರಾನ್ ವಿಶ್ವವಿದ್ಯಾಲಯದ ಸಂಗ್ರಹಗಳಲ್ಲಿ ಇವೆ. ಮನೆಯಲ್ಲೇ ಕೂತು ನೋಡಬೇಕಾದರೆ ಹಾರ್ವರ್ಡ್ ವಿಶ್ವವಿದ್ಯಾಲಯ ನಡೆಸುವ, ಕಾಜಾರ್ ಕಾಲದ ಹೆಂಗಸರ ಬದುಕಿನ ಡಿಜಿಟಲ್ ಸಂಗ್ರಹ ಇದೆ. ಇರಾನಿನ ಕುಟುಂಬಗಳು ಪೆಟ್ಟಿಗೆಗಳಲ್ಲಿ ಜೋಪಾನ ಮಾಡಿದ್ದ ಕಾಗದ, ಮದುವೆ ಕರಾರು, ಫೋಟೋಗಳನ್ನು ಅದಕ್ಕೆ ಕೊಟ್ಟಿವೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪಾರ್ಸಿ ಬಾರದಿದ್ದರೂ ಅಂಚಿನಲ್ಲಿ ಓರೆಯಾಗಿ ಏರುವ ಸಾಲುಗಳನ್ನು ಗುರುತಿಸಬಹುದು. ಬೀದರಿಗೆ ಹೋದರೆ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿ ಬನ್ನಿ. ಮುಂಭಾಗದ ಹಂಚಿನ ಕೆಲಸ ಅರ್ಧಕ್ಕಿಂತ ಜಾಸ್ತಿ ಉದುರಿದೆ, ಉಳಿದ ನೀಲಿ ತುಣುಕುಗಳು ಇರಾನಿನ ಕೆಲಸವೇ.